ಬಾಕ್ಸಿನ ಲೆಕ್ಕ, ಸೀಟಿನ ಲೆಕ್ಕ: ಪಿಕಪ್ ಕೊಳ್ಳಲು ಹೊರಟ ರೈತರ ಗಮನಕ್ಕೆ

ಮಾನ್ಯ ಸಂಪಾದಕರೇ,

ನಾನು ಮುಳಬಾಗಿಲು ತಾಲ್ಲೂಕಿನ ಟೊಮೆಟೊ ಬೆಳೆಗಾರ. ಮೂವತ್ತು ವರ್ಷಗಳಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹಣ್ಣು ಹಾಕುತ್ತಿದ್ದೇನೆ. ಹದಿಮೂರು ವರ್ಷ ದುಡಿದ ನಮ್ಮ ಪಿಕಪ್ ಈ ವರ್ಷ ಕೈಕೊಟ್ಟಿದ್ದರಿಂದ ಹೊಸ ವಾಹನ ಕೊಳ್ಳುವ ಪ್ರಶ್ನೆ ಎದುರಾಯಿತು. ಎಂದಿನಂತೆ ಮುಂದೆ ಇಬ್ಬರು ಕೂರುವ, ಹಿಂದೆ ಉದ್ದನೆಯ ಬಾಡಿಯಿರುವ ಸಾಮಾನ್ಯ ಪಿಕಪ್ ತರಬೇಕೋ, ಐದು ಜನ ಕೂರುವ, ಹಿಂದೆ ಗಿಡ್ಡ ಬಾಡಿಯಿರುವ, ನೋಡಲು ದೊಡ್ಡ ಎಸ್‌ಯುವಿಯಂತಿರುವ ಸ್ಪೋರ್ಟ್ ಯುಟಿಲಿಟಿ ಟ್ರಕ್ ತರಬೇಕೋ ಎಂದು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಚರ್ಚೆ ನಡೆಯಿತು. ಇದೇ ಚರ್ಚೆ ನಮ್ಮ ಸುತ್ತಮುತ್ತಲಿನ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದನ್ನು ಕಂಡಿದ್ದೇನೆ. 2023ರ ಜುಲೈ ತಿಂಗಳಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2 ಸಾವಿರ ರೂಪಾಯಿ ದಾಟಿದಾಗ ಕೈಯಲ್ಲಿ ನಾಲ್ಕು ಕಾಸು ಕಂಡ ನಮ್ಮ ಹುಡುಗರು ಇಂಥ ಟ್ರಕ್ಕುಗಳನ್ನು ವಿಚಾರಿಸಲು ಶುರು ಮಾಡಿದರು. ಬೆಲೆ ಇಳಿದ ಮೇಲೂ ಆ ವಿಚಾರಣೆ ನಿಂತಿಲ್ಲ. ನಾವು ಹಾಕಿ ನೋಡಿದ ಲೆಕ್ಕ ಬೇರೆಯವರಿಗೂ ಉಪಯೋಗಕ್ಕೆ ಬರಬಹುದೆಂಬ ಭಾವನೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಬೇಕು. ಐದು ಸೀಟಿನ ಟ್ರಕ್ಕಿನ ಆಸೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ ಆಶ್ವಯುಜದ ಜಡಿಮಳೆಯಲ್ಲಿ ನನ್ನ ಮೊಮ್ಮಗಳಿಗೆ ಜ್ವರ ನೆತ್ತಿಗೇರಿ, ರಾತ್ರಿ ಹನ್ನೊಂದರ ಹೊತ್ತಿಗೆ ಕೋಲಾರದ ಆಸ್ಪತ್ರೆಗೆ ಹೊರಡಬೇಕಾಯಿತು. ಮುಂದಿನ ಸೀಟಿನಲ್ಲಿ ಓಡಿಸುವ ಮಗ, ಮಗುವನ್ನು ಎದೆಗೊತ್ತಿಕೊಂಡ ಸೊಸೆ. ಅವಳ ಪಕ್ಕ ಇನ್ನೊಬ್ಬರಿಗೆ ಜಾಗವಿರಲಿಲ್ಲ. ನಾನೂ ನನ್ನ ಹೆಂಡತಿಯೂ ಹಿಂದಿನ ಬಾಡಿಯಲ್ಲಿ, ಖಾಲಿ ಬಾಕ್ಸುಗಳ ನಡುವೆ, ಟಾರ್ಪಾಲಿನ ಒಂದು ತುದಿಯನ್ನು ಅವಳು, ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡು ಮೂವತ್ತು ಕಿಲೋಮೀಟರ್ ಕೂತೆವು. ಸರಕಿಲ್ಲದ ಪಿಕಪ್ಪಿನ ಹಿಂಭಾಗ ಹೇಗೆ ಎತ್ತಿ ಹಾಕುತ್ತದೆಂಬುದು ಕೂತವರಿಗೇ ಗೊತ್ತು. ಒಂದೂವರೆ ಟನ್ ಭಾರಕ್ಕೆಂದು ಕೂರಿಸಿದ ಲೀಫ್ ಸ್ಪ್ರಿಂಗು ಇಬ್ಬರ ತೂಕಕ್ಕೆ ಬಾಗುವುದೇ ಇಲ್ಲ. ಆ ರಾತ್ರಿ ಕಳೆದ ಮೇಲೆ ಸೊಸೆ, 'ಮಾವ, ಈ ಮನೆಯಲ್ಲಿ ಬಾಕ್ಸಿಗೆ ಇರುವಷ್ಟು ಜಾಗ ಮನುಷ್ಯರಿಗೆ ಇಲ್ಲ' ಎಂದಳು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೀಗಾಗಿ ತೆರೆದ ಮನಸ್ಸಿನಿಂದಲೇ ಎರಡೂ ಬಗೆಯ ವಾಹನಗಳನ್ನು ನೋಡಲು ಹೋದೆವು. ಭಾರತಕ್ಕೆ ಈ ಐದು ಸೀಟಿನ ಟ್ರಕ್ ಹೊಸದೇನೂ ಅಲ್ಲ. ಮಹೀಂದ್ರ ಕಂಪನಿ 2007ರಲ್ಲೇ ಸ್ಕಾರ್ಪಿಯೊ ಗೆಟವೇ ತಂದಿತ್ತು. ಆಮೇಲೆ ಟಾಟಾ ಕ್ಸೆನಾನ್ ಬಂತು. 2016ರಲ್ಲಿ ಇಸುಜು ಕಂಪನಿಯ ವಿ-ಕ್ರಾಸ್ ಬಂತು; ಅದು ತಯಾರಾಗುವುದು ನೆರೆಯ ಆಂಧ್ರದ ಶ್ರೀಸಿಟಿಯಲ್ಲಿ. 2022ರ ಜನವರಿಯಲ್ಲಿ ಟೊಯೋಟಾ ಹೈಲಕ್ಸ್ ಬಂತು. ಇವೆರಡೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಲ್ಲ, ಐದೂಕಾಲು ಮೀಟರಿಗೂ ಹೆಚ್ಚು ಉದ್ದದ, ಗಟ್ಟಿಮುಟ್ಟಾದ ವಾಹನಗಳೆಂಬುದರಲ್ಲಿ ಸಂಶಯವಿಲ್ಲ. ವಿ-ಕ್ರಾಸಿನ 1.9 ಲೀಟರ್ ಡೀಸೆಲ್ ಎಂಜಿನ್ 163 ಅಶ್ವಶಕ್ತಿ ಕೊಟ್ಟರೆ, ನಮ್ಮೂರ ಬೊಲೆರೊ ಪಿಕಪ್ಪಿನ 2.5 ಲೀಟರ್ ಎಂಜಿನ್ ಅದರ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಓಡಿಸಿ ನೋಡಿದಾಗ ನನಗೂ ಸಂತೋಷವಾಯಿತು. ಆದರೆ ನಮ್ಮ ಕೆಲಸದ ಅಳತೆ ಅಶ್ವಶಕ್ತಿಯಲ್ಲಿಲ್ಲ, ಬಾಕ್ಸಿನಲ್ಲಿದೆ.

ಕೋಲಾರದ ಮಾರುಕಟ್ಟೆಗೆ ಹೋಗುವ ಬಾಕ್ಸಿನಲ್ಲಿ 15 ಕೆ.ಜಿ. ಹಣ್ಣು, ಖಾಲಿ ಬಾಕ್ಸಿನದು ಒಂದೂವರೆಯಿಂದ ಎರಡು ಕೆ.ಜಿ., ಅಂದರೆ ಸುಮಾರು 17 ಕೆ.ಜಿ. ಎಂದು ಇಟ್ಟುಕೊಳ್ಳೋಣ. 1.7 ಟನ್ ಹೊರುವ ಪಿಕಪ್ಪಿಗೆ ಸುಮಾರು ನೂರು ಬಾಕ್ಸ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, 1.3 ಟನ್ನಿನದಕ್ಕೆ ಎಪ್ಪತ್ತೈದು. ಒಂಬತ್ತು ಅಡಿ ಉದ್ದದ ಚಪ್ಪಟೆ ಬಾಡಿಯ ಮೂರೂ ಕಡೆಯ ಬಾಗಿಲನ್ನು ಇಳಿಸಿ, ಎರಡು ಬದಿಯಿಂದಲೂ ಇಬ್ಬಿಬ್ಬರು ನಿಂತು ಬಾಕ್ಸ್ ಎತ್ತಿಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಲೋಡು ಮುಗಿಯುತ್ತದೆ. ಐದು ಸೀಟಿನ ಟ್ರಕ್ಕಿನ ಬಾಡಿ ಉದ್ದ ಐದು ಅಡಿ, ಅದರೊಳಕ್ಕೂ ಚಕ್ರದ ಗೂಡುಗಳು ಎರಡು ಕಡೆ ಚಾಚಿಕೊಂಡಿರುತ್ತವೆ, ಬಾಗಿಲು ಹಿಂದೆ ಒಂದೇ. ಎಲ್ಲ ಬಾಕ್ಸನ್ನೂ ಹಿಂದಿನಿಂದಲೇ ಎತ್ತಿ, ಒಳಗೆ ಬಗ್ಗಿ ನಿಂತವನು ಎಳೆದುಕೊಳ್ಳಬೇಕು. ಇದರ ಜೊತೆಗೆ, ಕೂರುವ ಜಾಗ ಹಿಂದಕ್ಕೆ ಬೆಳೆದಿರುವುದರಿಂದ ಸರಕಿನ ಹೆಚ್ಚು ಭಾಗ ಹಿಂದಿನ ಅಚ್ಚಿನ ಮೇಲೂ ಅದರ ಆಚೆಗೂ ಬೀಳುತ್ತದೆ. ಮಿತಿಮೀರಿ ಹೇರಿದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗು ಹಗುರಾಗುತ್ತದೆ. ಹೆದ್ದಾರಿ 75ರಲ್ಲಿ ಬೆಳಗಿನ ಜಾವ ಮಾರುಕಟ್ಟೆಗೆ ಹೊರಟವನಿಗೆ ಇದು ಸಣ್ಣ ಮಾತಲ್ಲ.

ನಾವು ಹೋಗಿದ್ದ ಒಂದು ಮಳಿಗೆಯಲ್ಲಿ ಮಾರಾಟದ ಹುಡುಗ, 'ಒಂದು ಟನ್ ಧಾರಾಳವಾಗಿ ಹಾಕಿ ಸಾರ್, ಏನೂ ಆಗಲ್ಲ' ಎಂದು ನನ್ನ ಮಗನಿಗೆ ಹೇಳಿದ. ನಾನು ಸರಕು, ಜನ ಎಲ್ಲ ಸೇರಿದ ವಾಹನದ ಒಟ್ಟು ತೂಕ ಮತ್ತು ಖಾಲಿ ತೂಕ ಬರೆದಿರುವ ಕಾಗದ ತೋರಿಸಲು ಕೇಳಿದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿದದ್ದು ಅವನು ಹೇಳಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಆ ಉಳಿದದ್ದರಲ್ಲೇ ಕೂರುವವರ ತೂಕವೂ ಸೇರಬೇಕು. ಐದು ಜನ ದೊಡ್ಡವರು ಕೂತರೆಂದರೆ 350 ಕೆ.ಜಿ. ಹೋಯಿತು, ಅಂದರೆ ಇಪ್ಪತ್ತು ಬಾಕ್ಸ್ ಇಳಿಸಿದಂತೆ. ಒಂದೇ ವಾಹನ ಎರಡೂ ಕೆಲಸ ಮಾಡುತ್ತದೆ ಎಂಬ ಮಾತು ನಿಜ, ಎರಡನ್ನೂ ಒಂದೇ ಸಲ ಪೂರ್ತಿಯಾಗಿ ಮಾಡುವುದಿಲ್ಲ ಎಂಬುದೂ ಅಷ್ಟೇ ನಿಜ. ಕೊಳ್ಳುವ ಮುನ್ನ ಈ ಕಳೆಯುವ ಲೆಕ್ಕವೊಂದನ್ನು ಕಾಗದದ ಮೇಲೆ ಮಾಡಿ ನೋಡಿ ಎಂದು ರೈತ ಬಂಧುಗಳನ್ನು ಕೈಮುಗಿದು ಕೇಳುತ್ತೇನೆ. ನೋಂದಾಯಿತ ತೂಕ ಮೀರಿ ಹೇರಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20 ಸಾವಿರ ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ.

ನಂಬರ್ ಬೋರ್ಡಿನ ಬಣ್ಣದ ವಿಚಾರವೂ ಇದೆ. ಬಿಳಿ ಬೋರ್ಡಿನ ಖಾಸಗಿ ವಾಹನದಲ್ಲಿ ಪಕ್ಕದ ತೋಟದವರ ಬಾಕ್ಸನ್ನು ಬಾಡಿಗೆಗೆ ಸಾಗಿಸುವಂತಿಲ್ಲ. ಅಪಘಾತವಾದರೆ ವಿಮೆ ಕೈಗೆ ಸಿಗದೆ ಹೋಗಬಹುದು. ಬಾಡಿಗೆಗೆ ಓಡಿಸಬಹುದಾದ ಹಳದಿ ಬೋರ್ಡಿಗೆ ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸುವ ಓಡಾಟ ಇದ್ದೇ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆದರೆ ಹಳದಿ ಬೋರ್ಡ್ ಓಡಿಸಲು ಬೇರೆಯೇ ಲೈಸೆನ್ಸ್ ಬೇಕೆಂಬ ಹಳೆಯ ಹೆದರಿಕೆಯನ್ನು ಬಿಡಬಹುದು. ಹಗುರ ಮೋಟಾರು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಖಚಿತವಾಗಿ ಹೇಳಿದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ಟೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ವರ್ಷದಲ್ಲಿ ಎಷ್ಟು ದಿನ ನಾವು ನಿಜವಾಗಿ ಸರಕು ಹೊರುತ್ತೇವೆ ಎಂಬ ಎಣಿಕೆ. ಟೊಮೆಟೊ ನಾಟಿ ಮಾಡಿ ಎಪ್ಪತ್ತು ದಿನದ ಸುಮಾರಿಗೆ ಹಣ್ಣು ಬಿಡಿಸಲು ಶುರುವಾದರೆ, ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ತಿಂಗಳು ನಡೆಯುತ್ತದೆ. ಒಂದು ಬೆಳೆಗೆ ಹದಿನೈದರಿಂದ ಇಪ್ಪತ್ತು ಕೊಯ್ಲು. ವರ್ಷಕ್ಕೆ ಒಂದೇ ಬೆಳೆ, ಒಂದೂವರೆ ಎಕರೆ ಇಡುವವರಿಗೆ ಸ್ವಂತ ಪಿಕಪ್ ಇಪ್ಪತ್ತು ದಿನದ ಕೆಲಸಕ್ಕೆ ಮಾತ್ರ ಬೇಕು. ಅಂಥವರು ಬಾಕ್ಸಿಗೆ ಇಷ್ಟು ಎಂದು ಬಾಡಿಗೆ ಕೊಟ್ಟು ಹಣ್ಣು ಕಳಿಸಿ, ಮನೆಯವರಿಗಾಗಿ ಒಂದು ಸಾಧಾರಣ ಕಾರು ಇಟ್ಟುಕೊಳ್ಳುವುದೇ ಮೇಲು. ನಮ್ಮಂತೆ ವರ್ಷವಿಡೀ ಒಂದಲ್ಲ ಒಂದು ಬೆಳೆ ಇಟ್ಟು, ನೆರೆಯವರ ಹಣ್ಣನ್ನೂ ಹೊರುವವರಿಗೆ ಉದ್ದ ಬಾಡಿಯ ಪಿಕಪ್ ಬಿಟ್ಟರೆ ಗತಿಯಿಲ್ಲ. ಗೊಬ್ಬರ, ಡ್ರಿಪ್ ಪೈಪಿನ ಸುರುಳಿ, ಗಿಡಕ್ಕೆ ಊರುವ ನೀಲಗಿರಿ ಕಡ್ಡಿಗಳ ಕಟ್ಟು ಇವೆಲ್ಲ ಐದಡಿ ಬಾಡಿಯಲ್ಲಿ ಹಿಡಿಯುವುದಿಲ್ಲ. ಒಂದು ದೊಡ್ಡ ಐದು ಸೀಟಿನ ಟ್ರಕ್ಕಿನ ಹಣಕ್ಕೆ ಎರಡು ಸಾಮಾನ್ಯ ಪಿಕಪ್ ಬಂದು ಕೈಯಲ್ಲಿ ಇನ್ನೂ ಉಳಿಯುತ್ತದೆ.

ಹಾಗಾದರೆ ಆ ಟ್ರಕ್ಕು ಯಾರಿಗೂ ಬೇಡವೇ? ಬೇಕು. ಶ್ರೀನಿವಾಸಪುರದ ಕಡೆ ದೊಡ್ಡ ಮಾವಿನ ತೋಪು ಇಟ್ಟುಕೊಂಡು, ಮಳೆಗಾಲದಲ್ಲೂ ಗುಡ್ಡದ ಮಣ್ಣುದಾರಿಯಲ್ಲಿ ನಾಲ್ಕು ಜನ ಆಳು, ಔಷಧಿ ಸಿಂಪಡಿಸುವ ಯಂತ್ರ, ಮೋಟಾರು ರಿಪೇರಿ ಸಾಮಾನು ಜೊತೆಗೆ ಹೋಗಿಬರುವವರಿಗೆ ನಾಲ್ಕು ಚಕ್ರದ ಶಕ್ತಿಯೂ ಐದು ಸೀಟೂ ದಿನನಿತ್ಯ ಕೆಲಸಕ್ಕೆ ಬರುತ್ತವೆ. ಅವರ ಫಸಲನ್ನು ಹೇಗೂ ದೊಡ್ಡ ಗಾಡಿಯೇ ಬಂದು ತುಂಬಿಕೊಂಡು ಹೋಗುತ್ತದೆ. ಇನ್ನು ಹಣ ಅಷ್ಟಿಲ್ಲದ, ಆದರೆ ಜನವನ್ನೂ ಸರಕನ್ನೂ ಒಟ್ಟಿಗೆ ಒಯ್ಯಲೇಬೇಕಾದವರಿಗೆ ನಡುವಿನ ದಾರಿಯೊಂದಿದೆ. ಬೊಲೆರೊ ಕ್ಯಾಂಪರ್, ಟಾಟಾ ಯೋಧ ಕ್ರೂ ಕ್ಯಾಬ್ ಇಂಥವು ಎರಡು ಸಾಲು ಸೀಟಿನ ಸರಕು ವಾಹನಗಳೇ. ಕ್ಯಾಂಪರ್ ಸುಮಾರು ಒಂದು ಟನ್ ಹೊರುತ್ತದೆ, ಅಂದರೆ ಹತ್ತಿರ ಹತ್ತಿರ ಅರವತ್ತು ಬಾಕ್ಸ್. ಜಾಹೀರಾತಿನ ಅಬ್ಬರದಲ್ಲಿ ಇವುಗಳ ಹೆಸರು ನಮ್ಮ ಹುಡುಗರ ಕಿವಿಗೆ ಬೀಳುವುದೇ ಇಲ್ಲ.

ಜನ ಕೂರುವ ಜಾಗದ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಳಗಿನ ಆರು ಗಂಟೆಗೆ ನಮ್ಮ ಯಾವುದೇ ರಸ್ತೆಯಲ್ಲಿ ನಿಂತು ನೋಡಿ. ಹಣ್ಣು ಬಿಡಿಸಲು ಹೋಗುವ ಹನ್ನೆರಡು ಹದಿನೈದು ಹೆಂಗಸರು ಪಿಕಪ್ಪಿನ ಹಿಂದೆ, ಬೋರಲು ಹಾಕಿದ ಬಾಕ್ಸುಗಳ ಮೇಲೆ, ಊಟದ ಡಬ್ಬಿಯನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡು, ಒಬ್ಬರ ಭುಜ ಇನ್ನೊಬ್ಬರು ಹಿಡಿದು ಕೂತಿರುತ್ತಾರೆ. ನನ್ನ ಗಾಡಿಯಲ್ಲೂ ಅವರು ಹಾಗೆಯೇ ಬಂದಿದ್ದಾರೆ, ವರ್ಷಗಟ್ಟಲೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ ಎರಡು ದಶಕಗಳ ಹಿಂದೆಯೇ ಹೇಳಿರುವುದು ನನಗೆ ತಿಳಿದದ್ದು ಈ ವರ್ಷ, ವಾಹನ ಕೊಳ್ಳಲು ಓಡಾಡುವಾಗ. ಮಳೆಯಲ್ಲಿ ನನ್ನ ಮೊಮ್ಮಗಳಿಗಾಗಿ ಒಂದು ರಾತ್ರಿ ನಾವು ಪಟ್ಟ ಪಾಡನ್ನು ಆ ಹೆಂಗಸರು ದಿನವೂ ಪಡುತ್ತಾರೆ ಎಂಬುದು ಆಗ ನನಗೆ ಹೊಳೆಯಿತು, ನಾಚಿಕೆಯೂ ಆಯಿತು. ದುಬಾರಿ ಟ್ರಕ್ ತಂದರೂ ಈ ಕಷ್ಟ ತೀರುವುದಿಲ್ಲ, ಏಕೆಂದರೆ ಓಡಿಸುವವನನ್ನು ಬಿಟ್ಟು ಅದರಲ್ಲಿ ಉಳಿಯುವ ನಾಲ್ಕು ಸೀಟಿನಲ್ಲಿ ಹನ್ನೆರಡು ಜನ ಕೂರುವುದಿಲ್ಲ, ಉಳಿದ ಎಂಟು ಜನ ಮತ್ತೆ ಹಿಂದೆಯೇ ಹತ್ತುತ್ತಾರೆ.

ಕೊನೆಗೆ ನಾವು 1.7 ಟನ್ನಿನ ಸಾಮಾನ್ಯ ಪಿಕಪ್ ಕೊಂಡೆವು. ಉಳಿದ ಹಣದಲ್ಲಿ ಪರಿಚಯದವರಿಂದ ಏಳು ವರ್ಷ ಹಳೆಯ ಕಾರೊಂದನ್ನು ತೆಗೆದುಕೊಂಡೆವು. ಅದರ ಬೀಗದ ಕೈ ಸೊಸೆಯ ಹತ್ತಿರವೇ ಇರುತ್ತದೆ. ಹಣ್ಣು ಬಿಡಿಸುವ ದಿನ ಹೆಂಗಸರನ್ನು ಕರೆತರಲು ಪಕ್ಕದ ಮೂರು ತೋಟದವರೊಂದಿಗೆ ಸೇರಿ ಪ್ರಯಾಣಿಕರ ಟೆಂಪೊ ಗೊತ್ತುಮಾಡಿದ್ದೇವೆ. ಖರ್ಚು ಬಾಕ್ಸಿಗೆ ಹಂಚಿದರೆ ಹೊರೆಯೆನಿಸುವಷ್ಟು ಬರುತ್ತಿಲ್ಲ.

ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಪತ್ರಿಕೆಗಳಲ್ಲಿ ಹೊಸ ಪಿಕಪ್ಪುಗಳ ಪರಿಚಯ ಬರುವಾಗ ಅಶ್ವಶಕ್ತಿ, ಪರದೆಯ ಅಳತೆಗಳ ಜೊತೆಗೆ ನೋಂದಾಯಿತ ಒಟ್ಟು ತೂಕ, ಖಾಲಿ ತೂಕ, ಬಾಡಿಯ ಉದ್ದ, ಯಾವ ಬೋರ್ಡಿನಲ್ಲಿ ನೋಂದಣಿಯಾಗುತ್ತದೆ ಎಂಬ ನಾಲ್ಕು ವಿವರಗಳನ್ನು ತಪ್ಪದೆ ಮುದ್ರಿಸಬೇಕು. ಸಾರಿಗೆ ಇಲಾಖೆಯವರು ಹಂಗಾಮು ಶುರುವಾಗುವ ಮೊದಲು ಎಪಿಎಂಸಿ ಆವರಣದಲ್ಲೇ ಒಂದು ದಿನ ಕೂತು, ಹೊರಲು ಅನುಮತಿಯಿರುವ ತೂಕವನ್ನೂ, ಕೂಲಿಯವರನ್ನು ಕರೆತರುವ ಸರಿಯಾದ ಕ್ರಮವನ್ನೂ ಬೆಳೆಗಾರರಿಗೆ ತಿಳಿಸಿಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಟೊಮೆಟೊ ಬೆಳೆಗಾರ,
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ