ಕೊಯಮತ್ತೂರಿಗೆ ಹೊರಡೋ ಮೊದಲು

ಮೂಡಿಗೆರೆ
ಭಾನುವಾರ ರಾತ್ರಿ

ಪುಟ್ಟಿ,

ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ನಿನ್ನೆ ನೀನು ಹಾಸನದಿಂದ ಫೋನ್ ಮಾಡಿ ಕೊಯಮತ್ತೂರಿನ ವೈರಿಂಗ್ ಕೆಲಸದ ವಿಷಯ ಹೇಳಿದಾಗ ನಿಮ್ಮಮ್ಮ ಖುಷಿಗೆ ಅಕ್ಕಪಕ್ಕದ ಮನೆಗೆಲ್ಲ ಹೇಳಿಬಂದಳು. ನಾನು ಮಾತ್ರ ‘ಹ್ಞೂಂ’ ಅಂದು ಫೋನ್ ಇಟ್ಟೆ. ನಿನಗೆ ಬೇಜಾರಾಗಿರಬೇಕು. ಆ ಕಂಟ್ರಾಕ್ಟರ್ ಹೇಳಿದ್ದು ಅಂತ ನೀನು ಹೇಳಿದೆಯಲ್ಲ, ‘ಪರ್ಮಿಟ್ ಆಮೇಲೆ ನೋಡೋಣ, ಮೊದಲು ಬಂದು ಕೆಲಸಕ್ಕೆ ನಿಲ್ಲಮ್ಮ’ ಅಂತ, ಅದನ್ನ ಕೇಳಿ ನನಗೆ ಬಾಯಿ ಕಟ್ಟಿಹೋಯಿತು.

ಇದೇ ಮಾತನ್ನ 1998ರಲ್ಲಿ ನನಗೂ ಒಬ್ಬರು ಹೇಳಿದ್ದರು.

ನನ್ನ ಎಡಗೈಯ ಕೊನೆಯ ಎರಡು ಬೆರಳು ನೆಟ್ಟಗಾಗೋದಿಲ್ಲವಲ್ಲ, ಚಿಕ್ಕವಳಿದ್ದಾಗ ನೀನು ತೊಡೆ ಮೇಲೆ ಕೂತು ಅವನ್ನ ಬಿಡಿಸೋಕೆ ನೋಡ್ತಿದ್ದೆ. ತೋಟದಲ್ಲಿ ಕಾಫಿ ಹಣ್ಣು ಸುಲಿಯೋ ಪಲ್ಪರ್‌ಗೆ ಸಿಕ್ಕಿದ್ದು ಅಂತ ಹೇಳಿದ್ದೆ. ಅದು ನಿಜ ಅಲ್ಲ. ನಾನೂ ಕೊಯಮತ್ತೂರಿನ ಕಡೆಯೇ ಒಂದು ಹತ್ತಿ ಮಿಲ್ಲಿಗೆ ವೈರಿಂಗ್ ಕೆಲಸಕ್ಕೆ ಹೋಗಿದ್ದೆ. ನನ್ನ ಹತ್ತಿರ ಇದ್ದದ್ದು ಕರ್ನಾಟಕದ ವೈರ್‌ಮನ್ ಪರ್ಮಿಟ್. ಅಲ್ಲಿ ಅದು ನಡೆಯೋದಿಲ್ಲ ಅಂತ ಕಂಟ್ರಾಕ್ಟರ್‌ಗೆ ಗೊತ್ತಿತ್ತು, ಅದಕ್ಕೇ ಹಾಜರಿ ಪುಸ್ತಕದಲ್ಲಿ ನನ್ನ ಹೆಸರನ್ನೇ ಬರೆದಿರಲಿಲ್ಲ. ಒಂದು ಸಂಜೆ ಮೇನ್ ಆಫ್ ಮಾಡಿಸಿ ಪ್ಯಾನಲ್ ಬೋರ್ಡಿನ ಹಿಂದೆ ಕೂತು ಕರೆಂಟ್ ಹರಿಯೋ ಪಟ್ಟಿ, ಬಸ್‌ಬಾರಿನ ನಟ್ಟು ಬಿಗಿಮಾಡ್ತಿದ್ದೆ. ಶಿಫ್ಟ್ ಬದಲಾಯಿತು. ಹೊಸಬ ಬಂದು ಪುಸ್ತಕ ನೋಡಿದ, ಒಳಗೆ ಯಾರೂ ಇಲ್ಲ ಅಂದುಕೊಂಡು ಮೇನ್ ಹಾಕಿದ. ಅವನ ತಪ್ಪಲ್ಲ. ಪುಸ್ತಕದ ಪ್ರಕಾರ ನಾನು ಅಲ್ಲಿ ಇರಲೇ ಇಲ್ಲ.

ಆಸ್ಪತ್ರೆ ಖರ್ಚಿಗೂ ಹಾಗೇ ಆಯಿತು. ಕೆಲಸ ಕೊಟ್ಟವರೇ ‘ಈ ಹುಡುಗ ನಮ್ಮವನಲ್ಲ’ ಅಂದುಬಿಟ್ಟರು. ಕೆಲಸಗಾರರ ಪರಿಹಾರದ ಕಾಯ್ದೆ 1923ರಿಂದಲೇ ಇತ್ತು, ಕೇಳಬಹುದಿತ್ತು. ಆಗ ನನಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ. ನಿಮ್ಮಜ್ಜಿ ಓಲೆ ಅಡವಿಟ್ಟು ದುಡ್ಡು ಕಳಿಸಿದಳು.

ನೀನು ಕೇಳಬಹುದು, ನಾನು ಮೂಡಿಗೆರೆಯಿಂದ ಹಾಸನಕ್ಕೆ ಕೆಲಸಕ್ಕೆ ಬಂದಾಗ ಯಾರೂ ಏನೂ ಕೇಳಲಿಲ್ಲವಲ್ಲ ಅಂತ. ಇಲ್ಲಿ ಮೆಸ್ಕಾಂ, ಅಲ್ಲಿ ಸೆಸ್ಕ್, ಕಂಪನಿ ಬೇರೆಯಾದರೂ ಪರ್ಮಿಟ್ ಒಂದೇ, ಯಾಕೆಂದರೆ ಅದನ್ನ ಕೊಡೋದು ಕರೆಂಟಿನ ಕಂಪನಿ ಅಲ್ಲ, ರಾಜ್ಯ ಸರ್ಕಾರ. ನಿನ್ನ ಐಟಿಐ ಸರ್ಟಿಫಿಕೇಟ್ ಕೇಂದ್ರದ್ದು, ಅದು ದೇಶದಲ್ಲೆಲ್ಲಾ ನಡೆಯುತ್ತೆ. ಪರ್ಮಿಟ್ ಹಾಗಲ್ಲ. ನಮ್ಮ ಕಾಲದಲ್ಲಿ 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸಿನ 45ನೇ ನಿಯಮ ಅಂತಿದ್ದೆವು, ಈಗ ಹೊಸ ರೆಗ್ಯುಲೇಷನ್ ಬಂದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದಲ್ಲೇ ಬದಲಾಯಿಸೋಕೆ ಯಾರೂ ಪರ್ಮಿಟ್ ಕೇಳಲ್ಲ. ಅದಕ್ಕಿಂತ ದೊಡ್ಡ ಕೆಲಸಕ್ಕೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಬೇಕು, ಮೇಲೆ ನಿಂತು ನೋಡೋಕೆ ಸೂಪರ್‌ವೈಸರ್ ಬೇಕು, ಕೈಹಾಕುವವರ ಹತ್ತಿರ ಆ ರಾಜ್ಯ ಕೊಟ್ಟ ಅಥವಾ ಆ ರಾಜ್ಯ ಒಪ್ಪಿದ ಪರ್ಮಿಟ್ ಇರಬೇಕು. ಆ ‘ಒಪ್ಪಿದ’ ಅನ್ನೋ ಮಾತನ್ನ ಹಿಡಿದುಕೋ. ತಮಿಳುನಾಡಿನ ಲೈಸೆನ್ಸಿಂಗ್ ಬೋರ್ಡ್ ಚೆನ್ನೈನ ಗಿಂಡಿಯಲ್ಲಿದೆ. ನಮ್ಮ ಪರ್ಮಿಟ್ ಒಪ್ಪುತ್ತಾರಾ, ಪರೀಕ್ಷೆ ಬರೀಬೇಕಾ, ಯಾವ ಭಾಷೆಯಲ್ಲಿ ಅಂತ ಅವರನ್ನೇ ಕೇಳು, ಉತ್ತರ ಕಾಗದದಲ್ಲೇ ತಗೋ. ಕಂಟ್ರಾಕ್ಟರ್ ಬಾಯಿಮಾತು ಬೇಡ.

ಹಾಸನ ಬಿಡೋ ಮುಂಚೆ ಪರ್ಮಿಟ್ ಅವಧಿ ಎಷ್ಟಿದೆ ನೋಡಿ ರಿನ್ಯೂವಲ್ ಮಾಡಿಸು. ಅನುಭವದ ಪತ್ರ ಈಗಲೇ ಬರೆಸಿಕೋ. ನಿಮ್ಮ ಯಜಮಾನರು ಒಳ್ಳೆಯವರೇ, ಆದರೆ ‘ಚೆನ್ನಾಗಿ ಕೆಲಸ ಮಾಡಿದ್ದಾಳೆ’ ಅಂತ ಎರಡು ಸಾಲು ಬರೆದುಕೊಟ್ಟರೆ ಉಪಯೋಗಕ್ಕೆ ಬರಲ್ಲ. ಅವರ ಲೈಸೆನ್ಸ್ ನಂಬರ್, ನೀನು ಸೇರಿದ ತಾರೀಖು, ಬಿಟ್ಟ ತಾರೀಖು, ಯಾವ ಯಾವ ಕೆಲಸ ಮಾಡಿದೆ, ಎಲ್ಲಾ ಇರಬೇಕು, ಸೀಲ್ ಸಮೇತ. ದೂರ ಹೋದಮೇಲೆ ಇಂಥದ್ದಕ್ಕೆ ಅಲೆದಾಡೋದು ಬಹಳ ಕಷ್ಟ.

ಆ ಕಂಟ್ರಾಕ್ಟರ್‌ಗೆ ಇಷ್ಟೇ ಹೇಳು: ‘ಪರ್ಮಿಟ್ ಬರೋವರೆಗೆ ಸ್ಟೋರಿನಲ್ಲೋ ಡ್ರಾಯಿಂಗ್ ಕೆಲಸದಲ್ಲೋ ಇರ್ತೀನಿ, ಸಂಬಳ ಕಡಿಮೆ ಕೊಡಿ, ಆದರೆ ಮೊದಲ ದಿನದಿಂದ ನನ್ನ ಹೆಸರು ಪುಸ್ತಕದಲ್ಲಿರಲಿ.’ ಒಪ್ಪಲಿಲ್ಲ ಅಂದರೆ ಮನೆಗೆ ಬಾ. ಪಂಪು, ಮೋಟಾರಿನ ಊರು ಕೊಯಮತ್ತೂರು, ಕೆಲಸ ಕಲಿತ ಹುಡುಗಿಗೆ ಇನ್ನೊಂದು ಬಾಗಿಲು ಇದ್ದೇ ಇರುತ್ತೆ.

ಇನ್ನೊಂದು. ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ತಿಂಗ್ ನೀನು ಕಲಿತದ್ದು ನಮ್ಮ ಒದ್ದೆ ಮಣ್ಣಿನಲ್ಲಿ. ಇಲ್ಲಿ 2.5 ಮೀಟರ್ ಪೈಪ್ ಇಳಿಸಿ ಇದ್ದಿಲು, ಉಪ್ಪು ತುಂಬಿದರೆ ಮಳೆಗಾಲ ಪೂರ್ತಿ ರೀಡಿಂಗ್ ಚೆನ್ನಾಗೇ ಬರುತ್ತೆ. ಅಲ್ಲಿ ಮಳೆ ಕಡಿಮೆ, ನೆಲ ಒಣಗಿ ಬಿರಿದಿರುತ್ತೆ. ಗುಂಡಿಗೆ ನೀರು ಹಾಕಿಸ್ತಾ ಇರಬೇಕು, ಬೇಸಿಗೆಯಲ್ಲಿ ಮತ್ತೆ ಅಳೆದು ನೋಡಬೇಕು. ಅದಕ್ಕೇ ಅರ್ತಿಂಗ್ ಅಳೆಯೋ ನನ್ನ ಅರ್ತ್ ಮೆಗ್ಗರನ್ನ ಹಳೇ ಕಂಬಳಿಯಲ್ಲಿ ಸುತ್ತಿ ನಾಳೆ ಬೆಳಗಿನ ಹಾಸನದ ಬಸ್ಸಿನ ಕಂಡಕ್ಟರ್ ಕೈಲಿ ಕೊಡ್ತೀನಿ. ಅದರ ಹಿಡಿ ಮೊದಲೆರಡು ಸುತ್ತು ಬಿಗಿ ಅನ್ನಿಸುತ್ತೆ, ಜೋರು ಮಾಡಬೇಡ, ಆಮೇಲೆ ತಾನೇ ಸಡಿಲವಾಗುತ್ತೆ.

ನಿನ್ನ ಅಪ್ಪ