ಕಪ್ಪಿನ ಮೇಲೆ ನಿನ್ನ ಹೆಸರು

ಗ್ಲಾಸ್ಗೋ
ನವೆಂಬರ್ 16

ಪ್ರೀತಿಯ ತಂಗೀ,

ನಾನು ಆರಾಮ ಇದ್ದೇನೆ. ಅಪ್ಪನಿಗೂ ಅವ್ವನಿಗೂ ನಮಸ್ಕಾರ ಹೇಳು. ಈ ಪತ್ರವನ್ನು ಅವರ ಮುಂದೆ ಕೂತು ಜೋರಾಗಿ ಓದು. ನಡುವೆ ಅಪ್ಪನಿಗೆ ಒಂದು ಕೆಲಸ ಹೇಳಿದ್ದೇನೆ.

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ, ಪ್ರದರ್ಶನಕ್ಕೆ ಇಡುವ, ಬೀದರ್ ಕೋಟೆಯ ರಂಗೀನ್ ಮಹಲಿನ ಆ ಕಪ್ಪು ಫೋಟೊಗಳ ಮೇಲೆ ಸಹಿ ಹಾಕೋಕೆ ಯಾವ ಪೆನ್ನು ತರಲಿ ಅಂತ. ನಾನು ಯೋಚನೆಯನ್ನೇ ಮಾಡದೆ 'ಸಿಲ್ವರ್ ಪೆನ್ನು ತಗೋ' ಅಂದುಬಿಟ್ಟೆ. ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದರಿ ಕೆಲಸದವರ ಮನೆಯಲ್ಲಿ ಹುಟ್ಟಿದವನಿಗೆ ಕಪ್ಪು ಅಂದ ಕೂಡಲೇ ಬೆಳ್ಳಿ ನೆನಪಾಗುತ್ತದೆ, ಅಲ್ವಾ. ಆದರೆ ಆ ಮಾತು ತಪ್ಪು. ಪೆನ್ನು ತಂದಿದ್ದರೂ ಪ್ರಿಂಟಿನ ಮೇಲೆ ಇಡಬೇಡ.

ಈ ವಾರ ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಒಂದು ತಾಸು ಉಳಿದುಕೊಂಡೆ. ಇಲ್ಲಿ ಈಗ ನಾಲ್ಕಕ್ಕೇ ಕತ್ತಲಾಗುತ್ತದೆ, ಗಿರಾಕಿಗಳೂ ಬರುವುದಿಲ್ಲ. ಹಾಳಾದ ಕಪ್ಪು ಪ್ರಿಂಟುಗಳು ನಮ್ಮಲ್ಲಿ ಬೇಕಾದಷ್ಟು ಇರುತ್ತವೆ. ನಿನ್ನದರ ಹಾಗೇ ದಪ್ಪ ಮ್ಯಾಟ್ ಹಾಳೆಯದು ಒಂದು, ಹೊಳೆಯುವ ಫೋಟೊ ಹಾಳೆಯದು ಒಂದು ತಗೊಂಡು, ಎರಡರ ಮೇಲೂ ಐದಾರು ಪೆನ್ನಿನಲ್ಲಿ ನಿನ್ನ ಹೆಸರು ಬರೆದೆ.

ಡಬ್ಬಿಗಳ ಮೇಲೆ ಹೆಸರು ಬರೆಯೋ ಸಾದಾ ಮಾರ್ಕರ್ ಬಿಟ್ಟುಬಿಡು. ಕೆಂಪು, ನೀಲಿ, ಹಸಿರು, ಯಾವುದೂ ಕಪ್ಪಿನ ಮೇಲೆ ಕಾಣುವುದಿಲ್ಲ. ಅದರ ಶಾಯಿ ಬಣ್ಣದ ಗಾಜಿನ ಹಾಗೆ. ಕೆಳಗಿನ ಬಿಳಿ ಹಾಳೆಯಿಂದ ಬೆಳಕು ತಿರುಗಿ ಬಂದರೆ ಮಾತ್ರ ಅದಕ್ಕೆ ಬಣ್ಣ. ಕೆಳಗೆ ಕಪ್ಪೇ ಇದ್ದರೆ ಬೆಳಕು ಎಲ್ಲಿಂದ ಬರಬೇಕು? ಕಪ್ಪನ್ನು ಮುಚ್ಚುವ ಬಣ್ಣ ಬೇಕು, ಅಂದರೆ ಒಳಗೆ ಪುಡಿ ಇರುವ ಬಣ್ಣ. ಒಳ್ಳೆ ಬಿಳಿ ಪೆನ್ನಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಪುಡಿ ಇರುತ್ತದೆ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಅದೇ ಇರೋದು.

ಇನ್ನು ಸಿಲ್ವರ್. ಅದರಲ್ಲಿ ಇರುವುದು ಬೆಳ್ಳಿಯಲ್ಲ, ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರು. ಬರೆದಾಗ ಬಹಳ ಚಂದ ಕಾಣಿಸಿತು. ಆಮೇಲೆ ಗೋಡೆಗೆ ಒರಗಿಸಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ನಿನ್ನ ಹೆಸರು ಬೂದಿಯ ಹಾಗೆ ಮಂಕಾಯಿತು. ಇನ್ನೊಂದು ಹೆಜ್ಜೆಗೆ ಓದೋಕೂ ಆಗಲಿಲ್ಲ. ಆ ಚೂರುಗಳು ಕನ್ನಡಿಯ ಹಾಗೆ, ಬೆಳಕನ್ನು ಒಂದೇ ಕಡೆ ಎಸೆಯುತ್ತವೆ. ಪ್ರದರ್ಶನದಲ್ಲಿ ಜನ ಎಲ್ಲ ಕಡೆಯಿಂದ ನೋಡುತ್ತಾರೆ. ಗೋಲ್ಡ್ ಪೆನ್ನಿನಲ್ಲಿ ಸಾಮಾನ್ಯವಾಗಿ ಹಿತ್ತಾಳೆ ಪುಡಿ ಇರುತ್ತದೆ. ಹಿತ್ತಾಳೆ ಕಪ್ಪಾಗುವುದನ್ನು ಅವ್ವನ ದೇವರ ಸಾಮಾನಿನಲ್ಲೇ ನೋಡಿದ್ದೀಯ.

ಬಿಳಿ ಜೆಲ್ ಪೆನ್ನು ಕೈಗೆ ಹಗುರ, ಗೆರೆ ಸಣ್ಣಗೆ ಬರುತ್ತದೆ. ಹೊಳೆಯುವ ಹಾಳೆಯ ಮೇಲೆ ಮಾತ್ರ ಅದು ಬೇಡವೇ ಬೇಡ. ಶಾಯಿ ಒಳಗೆ ಇಳಿಯದೆ ಎಣ್ಣೆ ಮೇಲಿನ ನೀರಿನ ಹಾಗೆ ಹನಿ ಹನಿ ನಿಂತಿತು, ಮರುದಿನ ಬೆರಳು ತಾಗಿಸಿದರೂ ಅಳಿಸಿ ಬಂತು. ನಿನ್ನದು ಮ್ಯಾಟ್ ಹಾಳೆ. ಅದರ ಮೇಲೆ ಶಾಯಿ ಒಣಗುತ್ತದೆ, ಆದರೆ ಬೇರೆ ತೊಂದರೆ ಇದೆ. ಮ್ಯಾಟ್ ಹಾಳೆಯ ಮೇಲಿನ ಲೇಪ ಬಹಳ ಮೆತ್ತಗೆ. ಜೆಲ್ ಪೆನ್ನಿನ ತುದಿಯ ಲೋಹದ ಗುಂಡು ಆ ಲೇಪವನ್ನು ಕೆರೆದು ಎತ್ತುತ್ತದೆ. ಅದೇ ಪುಡಿ ತುದಿಗೆ ಸಿಕ್ಕಿಕೊಂಡು, ನಾಲ್ಕನೇ ಅಕ್ಷರಕ್ಕೆ ಶಾಯಿ ನಿಂತುಬಿಟ್ಟಿತು. ನಿಂತ ಜಾಗದಲ್ಲಿ ಮತ್ತೆ ತಿದ್ದೋಕೆ ಹೋದರೆ ಹಾಳೆಗೆ ಗಾಯ.

ನಿನಗೆ ಸರಿಹೋಗುವುದು ಬಿಳಿ ಪೇಂಟ್ ಮಾರ್ಕರ್, ನೀರಿನದು. ನಾನು ಬರೆದು ನೋಡಿದ್ದು ಯೂನಿ ಪೋಸ್ಕಾ, 0.7 ಮಿ.ಮೀ. ಮೊನೆಯದು. ಮೊನೆ ಲೋಹದ್ದಲ್ಲ, ಹಾಳೆಯನ್ನು ಕೆರೆಯಲಿಲ್ಲ. ಬಣ್ಣ ಕಪ್ಪನ್ನು ಪೂರ್ತಿ ಮುಚ್ಚಿತು. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಒರೆಸಿದೆ, ಏನೂ ಆಗಲಿಲ್ಲ. ಎಣ್ಣೆ ಪೇಂಟಿನ ಮಾರ್ಕರ್ ಹೊಳೆಯುವ ಹಾಳೆಯ ಮೇಲೆ ಇದಕ್ಕಿಂತ ಗಟ್ಟಿ ಹಿಡಿಯುತ್ತದೆ. ಆದರೆ ಅದರ ವಾಸನೆಗೆ ತಲೆ ಹಿಡಿಯುತ್ತದೆ, ಕಿಟಕಿ ತೆಗೆದೇ ಬರೆಯಬೇಕು. ಮ್ಯಾಟ್ ಹಾಳೆಯಲ್ಲಿ ಗೆರೆಯ ಸುತ್ತ ಎಣ್ಣೆಯ ನೆರಳೂ ಬಿಟ್ಟಿತು. ನಿನಗೆ ಬೇಡ.

ಈಗ ಅಪ್ಪನ ಕೆಲಸ. ಅಪ್ಪಾ, ಉಳಿ ಹಿಡಿಯುವ ಮೊದಲು ನೀವು ಮೈಲುತುತ್ತ ಬಳಿದು ಲೋಹವನ್ನು ಕಪ್ಪು ಮಾಡಿಕೊಳ್ಳುತ್ತೀರಿ, ಕೆತ್ತಿದ ಗೆರೆ ಬೆಳ್ಳಗೆ ಕಾಣಲಿ ಅಂತ. ಕಪ್ಪಿನ ಮೇಲೆ ಯಾವ ಗೆರೆ ಎಷ್ಟು ದಪ್ಪ ಇರಬೇಕು ಅನ್ನೋದು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಅವಳು ರದ್ದಿ ಪ್ರಿಂಟಿನ ಮೇಲೆ ಹತ್ತು ಸಲ ಸಹಿ ಹಾಕಲಿ, ನೀವು ಕೈದೂರದಲ್ಲಿ ಹಿಡಿದು ನೋಡಿ ಒಂದನ್ನು ಆರಿಸಿ. ನನಗೆ ಅನಿಸುವುದು ಇಷ್ಟು: ಕಪ್ಪಿನ ಮೇಲೆ ಬಿಳಿ ಗೆರೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಆದ್ದರಿಂದ ಸಹಿ ಸಣ್ಣದಿರಲಿ, ಮೂರು ಸೆಂ.ಮೀ. ಸಾಕು. ಆ ಫೋಟೊದಲ್ಲಿ ಮೊದಲು ಕಾಣಬೇಕಾದದ್ದು ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು. ಬೀದರ್ ಆಳಿದ ಅಲಿ ಬರೀದ್ ಶಾಹನ ಕಾಲದ ಆ ಕೆಲಸ ಇವತ್ತಿಗೂ ಹೊಳೆಯುತ್ತಿದೆ, ಯಾಕಂದರೆ ಚಿಪ್ಪು ಕಲ್ಲಿನ ಒಳಗೆ ಕೂತಿದೆ. ಅಪ್ಪನ ಬೆಳ್ಳಿಯೂ ಹಾಗೇ. ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಕೂಡಿಸಿದ ಬೆಳ್ಳಿಗೆ ಏನೂ ಆಗುವುದಿಲ್ಲ. ಪೆನ್ನಿನ ಬಣ್ಣಕ್ಕೆ ಆ ಭಾಗ್ಯ ಇಲ್ಲ. ಅದು ಹಾಳೆಯ ಮೇಲೆ ಸುಮ್ನೆ ಕೂತಿರುತ್ತದೆ, ನಾವೇ ಕಾಪಾಡಬೇಕು.

ತಂಗೀ, ಪ್ರಿಂಟು ಬಂದ ದಿನವೇ ಬರೆಯಬೇಡ, ಒಂದು ದಿನ ಒಣಗಲಿ. ಮುಚ್ಚಳ ಹಾಕಿಯೇ ಪೆನ್ನು ಅಲ್ಲಾಡಿಸು, ಒಳಗಿನ ಗುಂಡು ಸದ್ದು ಮಾಡಬೇಕು. ಬಣ್ಣ ಇಳಿಸೋಕೆ ಮೊನೆಯನ್ನು ರದ್ದಿ ಹಾಳೆಯ ಮೇಲೆ ಒತ್ತು. ಪ್ರಿಂಟಿನ ಹತ್ತಿರವೂ ಒತ್ತಬೇಡ, ಒಮ್ಮೊಮ್ಮೆ ದಪ್ಪ ಹನಿ ಬಿದ್ದುಬಿಡುತ್ತದೆ. ಅಂಗೈ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೋ, ಬೆವರು ತಾಗಿದರೆ ಮ್ಯಾಟ್ ಕಪ್ಪಿನ ಮೇಲೆ ಕಲೆ ಹಾಗೇ ಉಳಿಯುತ್ತದೆ. ಬಲಗಡೆ ಕೆಳಗೆ, ಅಂಚಿನಿಂದ ಎರಡು ಸೆಂ.ಮೀ. ಒಳಗೆ ಸಹಿ ಮಾಡು. ಅಂಚಿಗೇ ಬರೆದರೆ ಫ್ರೇಮಿನ ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ರಟ್ಟು, ನಿನ್ನ ಹೆಸರನ್ನು ನುಂಗುತ್ತದೆ. ಮೂವತ್ತು ಪ್ರತಿಗಳಲ್ಲಿ ಎಷ್ಟನೆಯದು ಅಂತ ತಿಳಿಸುವ 1/30, 2/30 ಅನ್ನೋ ಸಂಖ್ಯೆಯನ್ನು ಎಡಗಡೆ ಅದೇ ಪೆನ್ನಿನಲ್ಲಿ ಹಾಕು. ಚಿತ್ರದ ಸುತ್ತ ಬಿಳಿ ಅಂಚು ಬಿಡಿಸಿದ್ದರೆ ಪೆನ್ಸಿಲೇ ಸಾಕಿತ್ತು. ಅಚ್ಚು ಚಿತ್ರ ಮಾಡುವವರು ಹಿಂದಿನಿಂದಲೂ ಅಂಚಿನಲ್ಲಿ ಪೆನ್ಸಿಲಿನಲ್ಲೇ ಸಹಿ ಮಾಡುತ್ತಾರೆ, ಅದು ಬಿಸಿಲಿಗೆ ಮಾಸುವುದಿಲ್ಲ. ಮುಂದಿನ ಸಲ ಕಲಬುರಗಿಯಲ್ಲಿ ಪ್ರಿಂಟ್ ಹಾಕಿಸುವಾಗ ನೆನಪಿಡು. ಹಿಂಬದಿಗೆ ಊರು, ವರ್ಷ ಬರೆಯುವುದಾದರೆ ಮೆತ್ತನೆ ಪೆನ್ಸಿಲ್ ತಗೋ. ಬಾಲ್ ಪೆನ್ನಿನ ಒತ್ತು ಮುಂದೆ ಉಬ್ಬಿ ಕಾಣುತ್ತದೆ.

ಒಣಗುವ ಮುಂಚೆ ಒಂದರ ಮೇಲೊಂದು ಇಡಬೇಡ. ಇದನ್ನು ನಾನು ನಷ್ಟ ಮಾಡಿ ಕಲಿತೆ. ಹೋದ ವರ್ಷ ಒಬ್ಬ ವಯಸ್ಸಾದ ಚಿತ್ರಕಾರರು ನಮ್ಮಲ್ಲಿ ಬಂದು ಹನ್ನೆರಡು ಪ್ರಿಂಟಿಗೆ ಸಹಿ ಹಾಕಿದರು. ಅಂಗಡಿ ಮುಚ್ಚುವ ಅವಸರದಲ್ಲಿ ನಾನು ಹತ್ತು ನಿಮಿಷಕ್ಕೇ ಪೇರಿಸಿಟ್ಟೆ. ಬೆಳಿಗ್ಗೆ ಎತ್ತಿದರೆ ಅವರ ಹೆಸರು ಮೇಲಿನ ಹಾಳೆಯ ಬೆನ್ನಿಗೆ ತಿರುವುಮುರುವಾಗಿ ಅಂಟಿತ್ತು. ಅವರು ಬೈಯಲಿಲ್ಲ. ಮತ್ತೆ ಬಂದು, ನಡುಗುವ ಕೈಯಲ್ಲಿ ಹೊಸ ಹನ್ನೆರಡಕ್ಕೆ ಸಹಿ ಹಾಕಿದರು. ಅವರ ಕೈ ನೋಡುತ್ತಾ ನಿಂತಿದ್ದೆ, ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ. ನೀನು ಒಂದು ರಾತ್ರಿ ಬಿಡಿಬಿಡಿಯಾಗಿ ಹರಡಿಡು, ಆಮೇಲೆ ನಡುವೆ ಒಂದೊಂದು ಗ್ಲಾಸಿನ್ ಅನ್ನೋ ನುಣುಪಾದ ತೆಳು ಹಾಳೆ ಇಟ್ಟು ಪೇರಿಸು.

ಇಲ್ಲಿಂದ ಹೈದರಾಬಾದಿಗೆ ಬರುವ ಗೆಳೆಯನ ಕೈಯಲ್ಲಿ ಎರಡು ಪೆನ್ನು ಕಳಿಸುತ್ತಿದ್ದೇನೆ. ಒಂದು ಬಿಳಿ, ಒಂದು ಕೆನೆಬಣ್ಣ. ಚಿಪ್ಪಿನ ಪಕ್ಕದಲ್ಲಿ ಕೆನೆಬಣ್ಣವೇ ಹೊಂದಬಹುದು ಅಂತ ನನ್ನ ಮನಸ್ಸು ಹೇಳುತ್ತದೆ, ಅಪ್ಪ ನೋಡಿ ಹೇಳಲಿ. ಎಳ್ಳ ಅಮಾವಾಸ್ಯೆಗೆ ಮೊದಲೇ ನಿಮ್ಮ ಕೈ ಸೇರುತ್ತದೆ. ಪೆನ್ನುಗಳನ್ನು ಮಲಗಿಸಿಡು, ನಿಲ್ಲಿಸಬೇಡ.

ಅವ್ವಾ, ನೀವು ಕೊಟ್ಟ ಶೇಂಗಾ ಹಿಂಡಿ ಇನ್ನೂ ಎರಡು ಚಮಚ ಇದೆ. ರೊಟ್ಟಿ ಮಾಡೋಕೆ ಬರದೆ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದೇನೆ. ಹಬ್ಬದ ದಿನ ಹೊಲಕ್ಕೆ ಹೋದಾಗ ಭಜ್ಜಿಯ ಫೋಟೊ ಕಳಿಸಿ.

ತಂಗೀ, ಮೊದಲ ಪ್ರಿಂಟಿಗೆ ಸಹಿ ಹಾಕುವಾಗ ವಿಡಿಯೊ ಕಾಲ್ ಮಾಡು. ಎಷ್ಟೇ ರಾತ್ರಿಯಾಗಿರಲಿ, ಎದ್ದು ಕೂತಿರುತ್ತೇನೆ.

ನಿನ್ನ ಪ್ರೀತಿಯ
ಅಣ್ಣ