ಅಪರ್ಣಾ ಬರೀ ನಿರೂಪಕಿಯಲ್ಲ

ಮಾನ್ಯ ಸಂಪಾದಕರೇ,

2024ರ ಜುಲೈನಲ್ಲಿ ಅಪರ್ಣಾ ತೀರಿಕೊಂಡಾಗಿನಿಂದ ಅವರ ಬಗ್ಗೆ ಬಂದ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ರಾಗ: ಅಚ್ಚಕನ್ನಡದ ನಿರೂಪಕಿ, ನಮ್ಮ ಮೆಟ್ರೋದ ದನಿ, 1998ರ ದೀಪಾವಳಿ ಕಾರ್ಯಕ್ರಮವನ್ನು ಸತತ 8 ಗಂಟೆ ನಡೆಸಿಕೊಟ್ಟವರು. ಸುಳ್ಳೇನಲ್ಲ. ಆದರೆ ನಟಿ ಅಪರ್ಣಾ ಎಲ್ಲಿ ಹೋದರು?

ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬಂದವರು ಅವರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲೂ ಅಭಿನಯಿಸಿದ್ದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಿರುತೆರೆಯ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನ ವರಲಕ್ಷ್ಮಿ ಪಾತ್ರ. ಮೈತುಂಬ ಅಲಂಕಾರ, ಬಾಯಿಬಿಟ್ಟರೆ ಬಡಾಯಿ, ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ ಎಂಬ ಠೀವಿ! ಅಲ್ಪಪ್ರಾಣ ಮಹಾಪ್ರಾಣ ಒಂದಿಷ್ಟೂ ತಪ್ಪದಂತೆ ದಶಕಗಟ್ಟಲೆ ಮಾತಾಡಿ ಹೆಸರು ಮಾಡಿದವರು, ಸರ್ಕಾರಿ ಸಮಾರಂಭಗಳ ಗಂಭೀರ ವೇದಿಕೆಯಲ್ಲೇ ಎಲ್ಲರೂ ನೋಡಿದ್ದವರು, ತಮ್ಮದೇ ಆ ಗಾಂಭೀರ್ಯವನ್ನು ಹೀಗೆ ಗೇಲಿ ಮಾಡಿಕೊಳ್ಳಲು ಒಪ್ಪಿದ್ದೇ ಒಂದು ಧೈರ್ಯ. (ನಮ್ಮ ಮನೆಯ ಹಿರಿಯರೊಬ್ಬರು ‘ಈಕೆಗೇಕೆ ಬೇಕಿತ್ತು ಇದು’ ಎಂದು ಗೊಣಗಿಕೊಂಡೇ ಪ್ರತಿವಾರ ತಪ್ಪದೆ ನೋಡುತ್ತಿದ್ದರು.) ಮಾತಿನ ನಡುವೆ ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ಆಕಾಶವಾಣಿಯಲ್ಲಿ ಪಳಗಿದ ದನಿಗೆ ಚೆನ್ನಾಗಿ ಗೊತ್ತಿತ್ತು. ನಗು ಹುಟ್ಟುತ್ತಿದ್ದುದು ಆ ನಿಲುಗಡೆಯಲ್ಲೇ.

ಒಂದು ಕೋರಿಕೆ. ಹಳೆಯ ಧಾರಾವಾಹಿಗಳ ಕಂತುಗಳನ್ನು ಯೂಟ್ಯೂಬ್‌ಗೆ ಹಾಕುವ ವಾಹಿನಿಗಳು ಪ್ರಸಾರದ ವರ್ಷವನ್ನೂ ಕಲಾವಿದರೆಲ್ಲರ ಹೆಸರನ್ನೂ ಜೊತೆಗೇ ಕೊಡಲಿ. ಈಗ ಅಪರ್ಣಾ ಅವರ ಪಾತ್ರಗಳನ್ನು ಹುಡುಕಹೊರಟರೆ ಸಿಗುವುದು ಬಹುಪಾಲು ನಿರೂಪಣೆಯ ತುಣುಕುಗಳೇ.

– ಓದುಗ, ಕಡೂರು